ಗೋಡೆಗೆ ಅಂಟಿದವು

ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅವನಿಗೆ ಆದದ್ದು ಸಂತೋಷವೇ. ಆದರೆ ಅದು ಹೊಂಚು ಹಾಕಿ ಕೂತು ಕಳ್ಳರನ್ನು ಹಿಡಿದವನ ಸಂತೋಷವಾದ್ದರಿಂದ, ಯಾರಾದರೂ ನೋಡಿಬಿಟ್ಟರೆ ಎಂದು ಮೊದಲು ಬಾಗಿಲ ಕಡೆ ತಿರುಗಿದ. ಯಾರೂ ಇರಲಿಲ್ಲ. ಸೋಮವಾರ ಬೆಳಗಿನ ಎಂಟು ಗಂಟೆಗೆ ಪ್ರಯೋಗಾಲಯದ ಬೀಗ ತೆಗೆಯುವ ಹುಚ್ಚು ಅವನೊಬ್ಬನಿಗೇ ಇದ್ದದ್ದು. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಕಡಲೆಕಾಳು ಕೂರುವಷ್ಟು ಅಗಲದ ತೊಂಬತ್ತಾರು ಗುಳಿಗಳು. ಶನಿವಾರ ಮಧ್ಯಾಹ್ನ ಎಲ್ಲರೂ ಮನೆಗೆ ಹೋದ ಮೇಲೆ ಮೇಲಿನ ಅರ್ಧಕ್ಕೆ ಒಂದು ಬಗೆಯ ಬ್ಯಾಕ್ಟೀರಿಯಾ, ಕೆಳಗಿನ ಅರ್ಧಕ್ಕೆ ಇನ್ನೊಂದು ಬಗೆಯದು ಹಾಕಿ ಬೆಚ್ಚನೆಯ ಪೆಟ್ಟಿಗೆಯೊಳಗಿಟ್ಟು ಹೋಗಿದ್ದ. ಈಗ ಬಂದು ಒಳಗಿನ ನೀರು ಚೆಲ್ಲಿ, ಮೂರು ಸಲ ತೊಳೆದು, ನೇರಳೆ ಬಣ್ಣ ತುಂಬಿಸಿ, ಮತ್ತೆ ತೊಳೆದಿದ್ದ. ಬ್ಯಾಕ್ಟೀರಿಯಾಗಳು ಗೋಡೆ ಹಿಡಿದು ಲೋಳೆಪದರ ಕಟ್ಟಿಕೊಂಡ ಕಡೆ ಬಣ್ಣ ನಿಲ್ಲುತ್ತದೆ, ಕಟ್ಟಿಕೊಳ್ಳದ ಕಡೆ ತೊಳೆದುಹೋಗುತ್ತದೆ. ಮೇಲಿನ ನಾಲ್ಕು ಸಾಲು ಕಡು ನೇರಳೆ. ಕೆಳಗಿನ ನಾಲ್ಕು ಸಾಲು ಅಂಗಡಿಯಿಂದ ಈಗ ತಂದಷ್ಟು ಚೊಕ್ಕಟ. ಹದಿನೈದು ದಿನದಲ್ಲಿ ಇದು ನಾಲ್ಕನೆಯ ಸಲ, ನಾಲ್ಕು ಸಲವೂ ಹೀಗೆಯೇ ಬಂದಿತ್ತು. ಹಾಗಾದರೆ ಅವಳು ಸುಳ್ಳು ಹೇಳುತ್ತಿದ್ದಾಳೆ, ಎಂದು ಅವನು ತನಗೆ ತಾನೇ ಹೇಳಿಕೊಂಡ.

ಮೇಲಿನದಕ್ಕೆ ಜುಟ್ಟು, ಕೆಳಗಿನದಕ್ಕೆ ಬೋಳ ಎಂದು ಹೆಸರಿಟ್ಟವನು ಅವನೇ, ಹನ್ನೆರಡು ವರ್ಷದ ಹಿಂದೆ, ಇನ್ನೂ ತಮಾಷೆ ಮಾಡುತ್ತಿದ್ದ ಕಾಲದಲ್ಲಿ. ಜುಟ್ಟಿನ ಮೈಮೇಲೆ ಒಂದು ಪ್ರೋಟೀನು ಕೂದಲ ಹಾಗೆ ನಿಂತಿರುತ್ತದೆ. ಅದರ ಜೀನನ್ನು ಕತ್ತರಿಸಿ ತೆಗೆದು ಅವನು ಬೋಳನನ್ನು ಮಾಡಿದ. ಬೋಳನಿಗೆ ಯಾವ ಗೋಡೆಯೂ ದಕ್ಕುವುದಿಲ್ಲ, ಅದು ನೀರಲ್ಲಿ ತೇಲಿಕೊಂಡೇ ಇರುತ್ತದೆ, ಆದ್ದರಿಂದ ಲೋಳೆಪದರಕ್ಕೆ ಈ ಪ್ರೋಟೀನೇ ಬೇಕು, ಇದೊಂದನ್ನು ತಡೆದರೆ ಸಾಕು ಎಂಬ ಪ್ರಬಂಧ ಅವನದು. ಅವನು ಬದುಕಿನಲ್ಲಿ ಹೇಳಿದ ಮಾತುಗಳಲ್ಲಿ ಊರಾಚೆಯವರು ಕೇಳಿಸಿಕೊಂಡದ್ದು ಅದೊಂದೇ. ಎರಡು ವಾರದ ಹಿಂದಿನ ಸಭೆಯಲ್ಲಿ ಗೋಡೆಯ ಪರದೆಯ ಮೇಲೆ ಇರುವೆ ತನ್ನ ತಟ್ಟೆಯ ಚಿತ್ರ ಬಿಟ್ಟಾಗ ಎಂಟಕ್ಕೆ ಎಂಟೂ ಸಾಲು ನೇರಳೆಯಾಗಿದ್ದವು. ಇರುವೆ ಅಂದರೆ ನಾಲ್ಕನೆಯ ವರ್ಷದ ಸಂಶೋಧನಾ ವಿದ್ಯಾರ್ಥಿನಿ. ಸಣ್ಣ ಆಳು, ಸದಾ ಏನನ್ನಾದರೂ ಎತ್ತಿಕೊಂಡು ಓಡಾಡುತ್ತಿರುತ್ತಾಳೆ, ಅದಕ್ಕೇ ಆ ಹೆಸರು. ಬೋಳನೂ ಅಂಟುತ್ತದೆ ಸರ್, ಬಹುಶಃ ಬೇರೆ ಯಾವುದೋ ಪ್ರೋಟೀನು ಆ ಕೆಲಸ ವಹಿಸಿಕೊಳ್ಳುತ್ತಿದೆ ಎಂದು ಅವಳು ಮೆಲ್ಲಗೆ ಹೇಳಿದಳು. ಆ ಮೆಲುದನಿಯೇ ಅವನಿಗೆ ಚುಚ್ಚಿದ್ದು. ರೋಗಿಯ ಕಡೆಯವರಿಗೆ ವಿಷಯ ತಿಳಿಸುವವರು ಹಾಗೆ ಮಾತಾಡುತ್ತಾರೆ. ಹಿಂದಿನ ಬೆಂಚಿನಲ್ಲಿ ಯಾರೋ ಪುಸ್ತಕದ ಮೇಲೆ ಬಗ್ಗಿಕೊಂಡರು. ನಗು ಬಂದವರು ಹಾಗೆ ಬಗ್ಗುತ್ತಾರೆಂದು ಅವನಿಗೆ ಗೊತ್ತು, ಅವನೂ ಒಂದು ಕಾಲದಲ್ಲಿ ಅದೇ ಬೆಂಚಿನಲ್ಲಿ ಕೂತಿದ್ದವನೇ.

ಯಾವ ಬೋಳ, ಎಂದು ಅವನು ಕೇಳಿದ್ದ. ಫ್ರೀಜರಿನದು ಎಂದಳು. ಫ್ರೀಜರಿನೊಳಗಿನ ಬೀಗದ ಡಬ್ಬಿಯಲ್ಲಿ ಒಂದೇ ಒಂದು ಸೀಸೆ ಇತ್ತು, ಬೋಳ ಹುಟ್ಟಿದ ದಿನವೇ ಅವನು ಒಳಗಿಟ್ಟದ್ದು, ಹನ್ನೆರಡು ವರ್ಷ ಯಾರೂ ಮುಟ್ಟಿರಲಿಲ್ಲ. ಬೀಗದ ಕೈ ಅವನ ಗೊಂಚಲಿನಲ್ಲಿತ್ತು. ಇನ್ನೊಂದು ಮುಖ್ಯಸ್ಥನ ಮೇಜಿನ ಖಾನೆಯಲ್ಲಿದೆ ಎಂಬುದು ಅವನಿಗೆ ಮರೆತೇಹೋಗಿತ್ತು. ಮುಖ್ಯಸ್ಥ ಅವನ ಸಹಪಾಠಿ, ಅವನದೇ ಟಿಪ್ಪಣಿ ನೋಡಿ ಬರೆದು ಪಾಸಾದವನು. ಅವಳು ಕೇಳಿದಳು, ಅವನು ಕೊಟ್ಟ, ಅಷ್ಟೇ. ಅವರಿಬ್ಬರಿಗೂ ಇವನಿಗೊಂದು ಮಾತು ಹೇಳಬೇಕೆಂದು ಅನ್ನಿಸಲಿಲ್ಲ. ಅನ್ನಿಸಲಿಲ್ಲವೋ, ಹೇಳಬಾರದು ಅನ್ನಿಸಿತೋ? ಆ ಪ್ರಶ್ನೆ ತಲೆ ಹೊಕ್ಕ ದಿನದಿಂದ ಅವಳು ಮಾಡಿದ್ದೆಲ್ಲ ಅವನ ಕಣ್ಣಿಗೆ ಬೇರೆಯಾಗಿ ಕಾಣತೊಡಗಿತು. ಅವನು ಬಂದರೆ ಲ್ಯಾಪ್‌ಟಾಪ್ ಮುಚ್ಚುತ್ತಾಳೆ. ಮುಚ್ಚದೆ ಇದ್ದರೆ, ಮುಚ್ಚದೆ ಇರಬೇಕೆಂದು ಯಾರೋ ಹೇಳಿಕೊಟ್ಟಿದ್ದಾರೆ. ಪರದೇಶದ ದೊಡ್ಡ ಲ್ಯಾಬೊಂದು ಅವಳನ್ನು ಕರೆದಿದೆಯಂತೆ. ಹಳೆಯದೊಂದು ಪ್ರಬಂಧವನ್ನು ಉರುಳಿಸಿ ಬಂದವಳಿಗೆ ಅಲ್ಲಿ ಮಣೆ ಹಾಕದೆ ಇರುತ್ತಾರೆಯೇ? ಜೀನು ಕತ್ತರಿಸಿದ ಗುರುತು ಪರೀಕ್ಷೆ ಮಾಡಿ ನೋಡಿದ್ದೇನೆ, ಇದು ಬೋಳನೇ, ಎಂದು ಅವಳು ಹಾಳೆ ತೋರಿಸಿದಳು. ಪರೀಕ್ಷೆಗೆ ಒಂದನ್ನು ಕೊಟ್ಟು ತಟ್ಟೆಗೆ ಇನ್ನೊಂದನ್ನು ಹಾಕುವುದು ಎಷ್ಟು ಹೊತ್ತಿನ ಕೆಲಸ? ಗುರುವಾರ ಅವನು ಇದನ್ನೆಲ್ಲ ಎರಡು ಪುಟ ಬರೆದು ಮುಖ್ಯಸ್ಥನಿಗೆ ಕೊಟ್ಟ. ಮೋಸ ಎಂಬ ಮಾತು ಬಳಸಲಿಲ್ಲ, ಅದನ್ನು ಬಳಸದೆ ಅದೇ ಅರ್ಥ ಬರುವ ಹಾಗೆ ಬರೆಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಇವತ್ತು ಮೂರು ಗಂಟೆಗೆ ವಿಚಾರಣೆ. ಆರೋಪ ನಿಂತರೆ ಅವಳ ನಾಲ್ಕು ವರ್ಷ ನೀರುಪಾಲು, ಸಂಸ್ಥೆಯಿಂದ ಹೆಸರು ತೆಗೆಯುತ್ತಾರೆ, ಇನ್ನು ಯಾವ ಲ್ಯಾಬೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಬೆಳಿಗ್ಗೆ ಹೆಂಡತಿ ಕೇಳಿದ್ದು ನೆನಪಾಗಿ ಅವನ ಸಂತೋಷಕ್ಕೆ ಸ್ವಲ್ಪ ಕುಂದು ಬಂತು. ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಶೂ ಹಾಕಿಕೊಳ್ಳುತ್ತಿದ್ದವನ ಎದುರು ನಿಂತು, ಆ ಹುಡುಗಿ ಸೀಸೆಯಿಂದ ತೆಗೆದದ್ದನ್ನೇ ತಗೊಂಡು ನೀನು ಮಾಡಿ ನೋಡಿದೆಯಾ ಎಂದು ಕೇಳಿದಳು. ಇಲ್ಲ, ನನ್ನ ಬೋಳನನ್ನು ತಗೊಂಡು ಮಾಡಿದೆ ಎಂದ. ಅವಳದ್ದನ್ನು ಯಾಕೆ ಮುಟ್ಟಲಿಲ್ಲ? ಅದನ್ನು ನಂಬುವುದು ಹೇಗೆ, ಅದು ಅವಳ ಕೈಗೆ ಹೋಗಿ ಬಂದದ್ದಲ್ಲವೇ ಎಂದ. ಹೆಂಡತಿ ಬಾಗಿಲಿಗೆ ಒರಗಿಕೊಂಡು, ಅಂಗಡಿಗೆ ಬರುವ ಕೆಲವರು ಅಕ್ಷರದ ಹಲಗೆಯನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ, ಕಣ್ಣು ಕಾಣದಿದ್ದರೂ ಕೊನೆ ಸಾಲಿನವರೆಗೂ ತಪ್ಪಿಲ್ಲದೆ ಓದಿಬಿಡುತ್ತಾರೆ ಎಂದಳು. ಅದನ್ನು ಈಗ ಯಾಕೆ ಹೇಳುತ್ತಿದ್ದೀ ಎಂದು ಕೇಳಿದ್ದಕ್ಕೆ ಸುಮ್ಮನೆ ಎಂದಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸು ಸುಮ್ಮನೆ ಏನನ್ನೂ ಹೇಳುವುದಿಲ್ಲ. ಇರುವೆ ಹೋದ ವರ್ಷ ಕನ್ನಡಕ ಮಾಡಿಸಿಕೊಂಡದ್ದು ಆ ಅಂಗಡಿಯಲ್ಲೇ ಎಂಬುದು ಬಸ್ಸಿನಲ್ಲಿ ಕೂತಾಗ ನೆನಪಾಯಿತು. ಇಬ್ಬರೂ ಮಾತಾಡಿಕೊಂಡಿರಬಹುದು ಎಂದುಕೊಂಡ, ಎಂದುಕೊಂಡದ್ದಕ್ಕೆ ನಾಚಿಕೆಯಾಯಿತು, ಆದರೂ ಇಳಿಯುವ ನಿಲ್ದಾಣದವರೆಗೂ ಅದನ್ನೇ ಯೋಚಿಸಿದ.

ತಟ್ಟೆಯ ಫೋಟೋ ತೆಗೆದು, ದಿನಾಂಕ ಬರೆದು, ಅವನು ಸೋಮವಾರದ ಕೆಲಸಕ್ಕೆ ಕೂತ. ಬೆನ್ನ ಹಿಂದೆ ಹುಡುಗರು ಅವನನ್ನು ಸೋಮವಾರ ಎಂದೇ ಕರೆಯುತ್ತಾರೆ. ಸೋಮವಾರ ಬಂದ್ರು, ಸೋಮವಾರ ಸಿಟ್ಟಾಗಿದಾರೆ. ಅವನಿಗೆ ಗೊತ್ತಿದ್ದರೂ ಗೊತ್ತಿಲ್ಲದ ಹಾಗಿದ್ದ. ಹನ್ನೆರಡು ವರ್ಷದಲ್ಲಿ ಒಂದು ವಾರವೂ ತಪ್ಪಿಸದೆ, ಜ್ವರವಿದ್ದಾಗಲೂ, ಬೋಳನನ್ನು ಹಳೆಯ ಕೊಳವೆಯಿಂದ ಹೊಸ ಕೊಳವೆಗೆ ದಾಟಿಸಿ ಸಾಕಿದ್ದ. ಜುಟ್ಟು ಬೇಕಾದಾಗಲೆಲ್ಲ ಫ್ರೀಜರಿನಿಂದ ಹೊಸ ಸೀಸೆ ಒಡೆದರಾಯಿತು, ಅದು ಊರಿಗೆಲ್ಲ ಇರುವ ಸರಕು. ಬೋಳ ಹಾಗಲ್ಲ, ಬೋಳ ಅವನದು, ಮತ್ತು ಅವನಿಗೆ ಫ್ರೀಜರಿನ ಮೇಲೆ ನಂಬಿಕೆ ಇರಲಿಲ್ಲ. ಒಮ್ಮೆ ಎರಡು ದಿನ ಕರೆಂಟು ಹೋಗಿ ಪಕ್ಕದ ವಿಭಾಗದವರ ಸಂಗ್ರಹವೆಲ್ಲ ಹಾಳಾದದ್ದನ್ನು ಕಣ್ಣಾರೆ ಕಂಡಿದ್ದ. ಈಗ ಹಳೆಯ ಕೊಳವೆಯ ಮುಚ್ಚಳ ತೆಗೆದು, ಬಾಯನ್ನು ಉರಿಗೆ ತೋರಿಸಿ, ಓರೆ ಮಾಡಿ, ಹನಿ ಎತ್ತುವ ಪಿಪೆಟ್ಟಿನ ತುದಿಯನ್ನು ಕದಡಿದ ನೀರಿನ ನಟ್ಟನಡುವೆ ಇಳಿಸಿದ. ತುದಿ ಗೋಡೆಗೆ ತಾಗಲಿಲ್ಲ. ಗೋಡೆಗೆ ತಾಗಿಸಿದರೆ ಕೊಳೆ ಬರುತ್ತದೆ ಎಂದು ಅವನ ಗುರುಗಳು ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಈ ಲ್ಯಾಬಿನಲ್ಲಿ ಅಷ್ಟು ಅಚ್ಚುಕಟ್ಟಾದ ಕೈ ಇನ್ನೊಂದಿಲ್ಲ. ಒಂದು ಹನಿ ಹೊಸ ಕೊಳವೆಗೆ ಬಿಟ್ಟು, ಕೆಂಪು ಶಾಯಿಯಲ್ಲಿ ಬೋ ಎಂದು ಬರೆದು, ಹಳೆಯದನ್ನು ಬಿಸಾಡುವ ಬುಟ್ಟಿಗೆ ಹಾಕಿದ. 

ಇರುವೆ ಒಂಬತ್ತೂವರೆಗೆ ಬಂದಳು. ನಮಸ್ಕಾರ ಸರ್ ಎಂದು ಎಂದಿನ ಹಾಗೆಯೇ ಹೇಳಿದಳು. ಎಂದಿನ ಹಾಗೆ ಹೇಳಿದ್ದು ಯಾಕೆ ಎಂದು ಅವನಿಗೆ ಸಂಶಯ. ಕಣ್ಣು ಊದಿತ್ತು. ಅತ್ತಿರಬೇಕು, ತಪ್ಪಿಲ್ಲದವರು ಯಾಕೆ ಅಳುತ್ತಾರೆ? ಅವಳು ನಗುತ್ತ ಬಂದಿದ್ದರೆ ಭಂಡಳು ಎನ್ನುತ್ತಿದ್ದೆ ಎಂಬುದೂ ಅವನಿಗೆ ಹೊಳೆಯಿತು, ಹೊಳೆದದ್ದನ್ನು ಪಕ್ಕಕ್ಕೆ ಸರಿಸಿದ. ಅವಳು ತನ್ನ ಮೇಜಿನಿಂದ ಒಂದು ಕೊಳವೆ ತಂದು ಅವನ ಎದುರಿಗಿಟ್ಟು, ಇದು ಸೀಸೆಯದು, ನಿಮ್ಮ ಕೈಯಲ್ಲೇ ಒಂದು ಸಲ ಹಾಕಿ ನೋಡಿ, ನಾನು ಹತ್ತಿರವೂ ಬರುವುದಿಲ್ಲ ಎಂದಳು. ಅವನು ಕೊಳವೆಯನ್ನು ಮುಟ್ಟದೆ, ಅದಕ್ಕೆಲ್ಲ ಈಗ ಹೊತ್ತು ಮೀರಿತು, ಏನಿದ್ದರೂ ಮೂರು ಗಂಟೆಗೆ ಹೇಳು ಎಂದ. ಅವಳು ಕೊಳವೆಯನ್ನು ಎತ್ತಿಕೊಂಡು ವಾಪಸು ಹೋದಳು.

ಹಾಗೆ ತಿರುಗಿ ಹೋದ ಇನ್ನೊಂದು ಬೆನ್ನು ಅವನಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅಪ್ಪನಿಗೆ ಮೂತ್ರದ ಕೊಳವೆ ಹಾಕಿದ್ದರು. ಐದನೆಯ ದಿನ ಚೀಲದ ನೀರು ಮಬ್ಬಾಯಿತು, ಆರನೆಯ ದಿನ ಚಳಿಜ್ವರ. ಅವನಿಗಾಗ ಇಪ್ಪತ್ತೆರಡು ವರ್ಷ, ಹಗಲೆಲ್ಲ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಬರುವವರ ಹೋಗುವವರ ಕೈ ನೋಡುವುದೇ ಕೆಲಸ. ಒಬ್ಬ ನರ್ಸು ಗಡಿಬಿಡಿಯಲ್ಲಿ ಕೈ ತೊಳೆಯುತ್ತಿದ್ದಳು, ಯಾರ ಜೊತೆಗಾದರೂ ನಗುತ್ತ ಕೊಳವೆ ಸರಿಪಡಿಸುತ್ತಿದ್ದಳು. ಆ ನಗು ಅವನಿಗೆ ಸೇರಲಿಲ್ಲ. ಅವಳ ಕೈಯಿಂದಲೇ ಸೋಂಕು ಬಂತೆಂದು ಬರೆದುಕೊಟ್ಟ, ಆಗಲೂ ಎರಡು ಪುಟ. ಅವಳನ್ನು ವಾರ್ಡಿನಿಂದ ತೆಗೆದು ಬಟ್ಟೆ ಕೊಡುವ ಕೋಣೆಗೆ ಹಾಕಿದರು. ಅಪ್ಪನ ಹಾಸಿಗೆಗೆ ಚಾದರ ತರಲು ಹೋದಾಗ ಕಟಕಟೆಯ ಆಚೆ ಅವಳೇ ಇದ್ದಳು. ಮಡಿಸಿದ ಚಾದರ ಕೊಟ್ಟು, ಮುಖ ನೋಡದೆ ತಿರುಗಿಕೊಂಡಳು. ಅಪ್ಪ ಆ ತಿಂಗಳೇ ತೀರಿಕೊಂಡ. ದೇಹದೊಳಗೆ ಬಿಟ್ಟ ಕೊಳವೆಗೆ ಎಷ್ಟೇ ಮಡಿಯಿಂದ ನೋಡಿಕೊಂಡರೂ ಕೆಲವು ದಿನಕ್ಕೆ ಲೋಳೆಪದರ ಕಟ್ಟಿಯೇ ಕಟ್ಟುತ್ತದೆ, ಬ್ಯಾಕ್ಟೀರಿಯಾಗಳು ಮೈಮೇಲಿನ ಪ್ರೋಟೀನುಗಳಿಂದ ಪ್ಲಾಸ್ಟಿಕ್ಕನ್ನು ಹಿಡಿದು ಒಂದರ ಮೇಲೊಂದು ಕೂತು ತಮ್ಮ ಸುತ್ತ ಅಂಟು ಕಟ್ಟಿಕೊಳ್ಳುತ್ತವೆ, ಔಷಧಿ ಅದರೊಳಗೆ ಇಳಿಯುವುದಿಲ್ಲ ಎಂಬುದನ್ನು ಅವನು ಓದಿದ್ದು ಎರಡು ವರ್ಷದ ಮೇಲೆ. ಅಪ್ಪನಿಗೋಸ್ಕರ ಈ ವಿಷಯ ಹಿಡಿದೆ ಎಂದು ಎಲ್ಲರಿಗೂ ಹೇಳುತ್ತಿದ್ದ. ಅದು ಪೂರ್ತಿ ನಿಜವಲ್ಲ. ಯಾರದೋ ಕೈಯನ್ನು ದೂರುವುದಕ್ಕಿಂತ ಒಂದು ಪ್ರೋಟೀನನ್ನು ದೂರುವುದು ವಾಸಿ ಎಂದು ಅವನಿಗೆ ಅನ್ನಿಸಿತ್ತು, ಅದನ್ನು ಹಿಡಿದು ತೋರಿಸಿಬಿಟ್ಟರೆ ಆ ಬಟ್ಟೆಯ ಕೋಣೆಯ ಋಣ ತೀರೀತು ಎಂದೂ. ಅವಳನ್ನು ಹುಡುಕಿಕೊಂಡು ಹೋಗಿ ಒಂದು ಮಾತು ಹೇಳುವುದು ಮಾತ್ರ ಅವನಿಂದ ಆಗಿರಲಿಲ್ಲ.

ಹನ್ನೊಂದೂವರೆಗೆ ಗಾಜು ತೊಳೆಯುವ ಕೋಣೆಗೆ ಇಳಿದ. ಇರುವೆ ಬಿಸಾಡಿದ ಕೊಳವೆಗಳಲ್ಲಿ ಒಂದೆರಡನ್ನು ಎತ್ತಿಟ್ಟುಕೊಳ್ಳಬೇಕು, ಅವುಗಳ ಮೇಲೆ ಏನು ಬರೆದಿದ್ದಾಳೆ, ಬರೆದದ್ದನ್ನು ಒರೆಸಿದ್ದಾಳೆಯೇ ನೋಡಬೇಕು ಎಂಬ ಲೆಕ್ಕಾಚಾರ. ಬೇರೆಯವರ ಕಸ ಕೆದಕಲು ಬಂದಿದ್ದೇನೆ ಎಂಬ ಅರಿವಿದ್ದುದರಿಂದ ಮುಖವನ್ನು ಆದಷ್ಟು ಬಿಗಿ ಮಾಡಿಕೊಂಡಿದ್ದ. ತೊಳೆಯುವ ಹೆಂಗಸು ಅಲ್ಲಿ ಮೂವತ್ತು ವರ್ಷದಿಂದ ಇದ್ದವಳು, ಮೂವರು ನಿರ್ದೇಶಕರನ್ನು ಕಳಿಸಿಕೊಟ್ಟವಳು, ಯಾರಿಗೂ ಎದ್ದು ನಿಲ್ಲುವವಳಲ್ಲ. ಕೊಳವೆಗಳೆಲ್ಲ ಹಬೆಯಲ್ಲಿ ಬೆಂದು, ಒಳಗಿನ ಬ್ಯಾಕ್ಟೀರಿಯಾ ಸತ್ತ ಮೇಲೆ ಅವಳ ತೊಟ್ಟಿಗೆ ಬರುತ್ತಿದ್ದವು. ಇರುವೆಯ ಬುಟ್ಟಿ ಯಾವುದೆಂದು ಕೇಳಿದ. ಅವಳು ಸೋಪಿನ ಕೈಯಲ್ಲೇ ಮೂಲೆ ತೋರಿಸಿ, ಅದನ್ನು ಕೊನೆಗಿಟ್ಟುಕೊಂಡಿದ್ದೇನೆ, ರಟ್ಟೆಯೆಲ್ಲ ಬಿದ್ದುಹೋಗುತ್ತದೆ ಎಂದು ಗೊಣಗಿದಳು. ಆ ಹುಡುಗಿಯ ಕೊಳವೆಯ ಬಾಯ ಹತ್ತಿರ ಬಳೆ ಕಟ್ಟಿದ ಹಾಗೆ ಲೋಳೆ ಕಟ್ಟಿರುತ್ತದಂತೆ, ಬ್ರಷ್ಷಿಗೂ ಬಿಡುವುದಿಲ್ಲವಂತೆ. ಅವನ ಕಿವಿ ನೆಟ್ಟಗಾಯಿತು. ಎಲ್ಲ ಕೊಳವೆಯೂ ಹಾಗೆಯೋ, ಬೋ ಎಂದು ಬರೆದದ್ದೂ ಹಾಗೆಯೋ ಎಂದು ಕೇಳಿದ. ಅದೇ ಜಾಸ್ತಿ ಎಂದಳು. ಅವಳಿಗೂ ಹೇಳಿಕೊಟ್ಟಿದ್ದಾರೆ ಎಂದು ಅವನಿಗೆ ಮೊದಲು ಅನ್ನಿಸಿದ್ದು. ಗಾಜು ತೊಳೆಯುವವಳವರೆಗೂ ಮಾತು ಇಳಿದಿದೆ! ನನ್ನ ಕೊಳವೆಗಳು ಹೇಗಿರುತ್ತವೆ ಹೇಳು ನೋಡೋಣ, ಎಂದ ಸವಾಲಿನ ದನಿಯಲ್ಲಿ.

“ನಿಮ್ಮದೇನು ಸರ್, ನೀರಲ್ಲಿ ಅದ್ದಿ ತೆಗೆದ್ರೆ ಮುಗೀತು. ಉಜ್ಜೋದೇ ಬೇಡ,” ಎಂದಳು ಅವಳು. ಅವನಿಗೆ ಗೆದ್ದ ಹಾಗಾಯಿತು. ಅಷ್ಟಕ್ಕೇ ಬಿಟ್ಟು ಹೊರಟುಹೋಗಿದ್ದರೆ ಚೆನ್ನಾಗಿತ್ತು. ಆದರೆ ಹೊಗಳಿಕೆ ಇನ್ನೂ ಸ್ವಲ್ಪ ಬರಲಿ ಎಂಬ ಆಸೆಯಿಂದ ಅವನು ಅಲ್ಲೇ ನಿಂತ. ಅವಳು ಕೊಳವೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತ, “ಮೊದಮೊದಲು ನಿಮ್ಮದೂ ಹಿಂಗೇ ಇತ್ತಲ್ಲ. ಕೆಂಪು ಶಾಯೀಲಿ ಬರೆದಿದ್ದು. ಆ ಶಾಯಿ ಬಿಡಿಸೋದೇ ಒಂದು ಗೋಳು, ಅದಕ್ಕೇ ನೆನಪಿದೆ. ಆಗ ನಿಮಗೂ ಬೈಕೊಂಡೇ ಉಜ್ಜುತಿದ್ದೆ. ಆಮೇಲಾಮೇಲೆ ತಾನೇ ಕಮ್ಮಿ ಆಗ್ತಾ ಬಂತು. ಒಂದು ವರ್ಷ ಆಗೋಷ್ಟರಲ್ಲಿ ಪೂರ್ತಿ ಹೋಗಿತ್ತು. ಸೋಪು ಬದಲಾಯಿಸಿದಾರೇನೋ ಅಂದ್ಕೊಂಡೆ,” ಎಂದಳು.

ಅವನು ಮೆಟ್ಟಿಲು ಹತ್ತಲಿಲ್ಲ. ಹಬೆಯ ಯಂತ್ರದ ಪಕ್ಕದ ಬೆಂಚಿನ ಮೇಲೆ ಕೂತ. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಇನ್ನೊಂದು ಸಲ ಅಂದುಕೊಂಡು ನೋಡಿದ, ಅದು ನಿಲ್ಲಲಿಲ್ಲ, ಸುಳ್ಳು ಹೇಳುವವರು ಸೋಪಿನ ಮಾತು ತರುವುದಿಲ್ಲ. ಬೆಳಿಗ್ಗೆ ತಾನು ಕೊಳವೆ ಓರೆ ಮಾಡಿದ್ದು, ತುದಿಯನ್ನು ನಟ್ಟನಡುವೆ ಇಳಿಸಿದ್ದು ಕಣ್ಣಿಗೆ ಕಟ್ಟಿತು. ನಡುವೆ ಇರುವವು ಯಾವುವು? ತೇಲುವವು. ಅಂಟುವವು ಎಲ್ಲಿರುತ್ತವೆ? ಗೋಡೆಯ ಮೇಲೆ. ಗೋಡೆಯನ್ನು ಮುಟ್ಟದೆ, ತೇಲುವ ಒಂದು ಹನಿಯನ್ನು ಮಾತ್ರ ಎತ್ತಿ ಮುಂದಕ್ಕೆ ದಾಟಿಸಿ, ಗೋಡೆ ಹಿಡಿದವನ್ನೆಲ್ಲ ಕೊಳವೆಯ ಸಮೇತ ಈ ಹಬೆಗೆ ಕಳಿಸಿದ್ದ. ಮುಂದಿನ ಸೋಮವಾರ ಮತ್ತೆ. ಅದರ ಮುಂದಿನ ಸೋಮವಾರ ಮತ್ತೆ. ಬೋಳ ಹುಟ್ಟಿದ ಮೇಲೆ, ಬಣ್ಣ ಅಳೆಯುವ ಯಂತ್ರ ಬರುವವರೆಗೆ ಹದಿನಾಲ್ಕು ತಿಂಗಳು ಕಾದಿದ್ದರು, ಅರವತ್ತು ಸೋಮವಾರ. ಅರವತ್ತು ಸಲ ಜರಡಿ ಹಿಡಿದ ಮೇಲೆ ಉಳಿದದ್ದನ್ನು ತಟ್ಟೆಗೆ ಹಾಕಿ, ನೋಡಿ, ಇದು ಅಂಟುವುದಿಲ್ಲ ಎಂದು ಲೋಕಕ್ಕೆ ತೋರಿಸಿದ್ದ. ಪ್ರೋಟೀನು ಹೋದದ್ದರಿಂದ ಅಲ್ಲ. ಅಂಟುವ ಬೇರೆ ಗುಣಗಳನ್ನೂ ಒಂದೊಂದಾಗಿ ಅವನ ಅಚ್ಚುಕಟ್ಟಾದ ಕೈಯೇ ಆಯ್ದು ತೆಗೆದಿತ್ತು. ಜುಟ್ಟಿಗೆ ಏನೂ ಆಗಿರಲಿಲ್ಲ, ಏಕೆಂದರೆ ಅದನ್ನು ಅವನು ಪ್ರೀತಿಯಿಂದ ಸಾಕಿರಲಿಲ್ಲ. ಫ್ರೀಜರಿನ ಸೀಸೆಯಲ್ಲಿ ನಿಜವಾದ ಬೋಳ ಹನ್ನೆರಡು ವರ್ಷ ಸುಮ್ಮನೆ ಕೂತಿತ್ತು, ಆ ಹುಡುಗಿ ಅದನ್ನು ತೆಗೆದು, ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು. ತೊಳೆಯುವ ಹೆಂಗಸು ಸರ್ ನೀರು ಕುಡೀತೀರಾ ಎಂದು ಕೇಳಿದಾಗ, ಅವನಿಗೆ ತನ್ನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಮೇಲೆ ಬಂದವನು ಇರುವೆ ಇಲ್ಲದ ಹೊತ್ತು ನೋಡಿ ಅವಳ ಮೇಜಿನ ಮೇಲಿನ ಕೊಳವೆಯನ್ನು ಕಳ್ಳನ ಹಾಗೆ ಎತ್ತಿ, ಒಳಗಿನದನ್ನು ಚೆಲ್ಲಿ, ಬಣ್ಣ ಹಾಕಿ ತೊಳೆದ. ಗಾಜಿನ ಸುತ್ತ ನೇರಳೆಯ ಬಳೆ ನಿಂತಿತು. ಬೆಳಿಗ್ಗೆ ಬುಟ್ಟಿಗೆ ಹಾಕಿದ್ದ ತನ್ನ ಹಳೆಯ ಕೊಳವೆಯನ್ನು ಎತ್ತಿಕೊಂಡು ಅದರಲ್ಲೂ ಹಾಗೆಯೇ ಮಾಡಿದ. ಏನೂ ನಿಲ್ಲಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತ. ಗಂಟೆ ಒಂದೂ ಇಪ್ಪತ್ತು. ಈಗ ಇದು ಗೊತ್ತಿರುವವನು ಅವನೊಬ್ಬನೇ. ತೊಳೆಯುವವಳಿಗೆ ತಾನು ಹೇಳಿದ್ದೇನೆಂದು ತಿಳಿದಿಲ್ಲ. ಸುಮ್ಮನಿದ್ದರೆ ಮೂರೂವರೆಗೆ ಎಲ್ಲ ಮುಗಿಯುತ್ತದೆ, ನಿವೃತ್ತಿಗೆ ಇನ್ನು ಎಂಟು ವರ್ಷ, ಅಲ್ಲಿಯವರೆಗೆ ಯಾರೂ ಆ ಸೀಸೆ ತೆಗೆಯದ ಹಾಗೆ ನೋಡಿಕೊಳ್ಳಬಹುದು. ಈ ಯೋಚನೆ ಎಷ್ಟು ಸಲೀಸಾಗಿ ಬಂದಿತೆಂದರೆ ಅದು ಮೊದಲೇ ಒಳಗೆ ಸಿದ್ಧವಾಗಿ ಕೂತಿತ್ತೋ ಎಂದು ಅವನಿಗೆ ಭಯವಾಯಿತು. ಹದಿನೈದು ದಿನದಿಂದ ನಾಲ್ಕು ಸಲ ತಟ್ಟೆ ಹಾಕಿದೆ, ನಾಲ್ಕು ಸಲವೂ ಅವಳ ಸೀಸೆಯಿಂದ ತೆಗೆಯಲಿಲ್ಲ. ನಂಬಿಕೆ ಇಲ್ಲದ್ದರಿಂದಲೋ, ಗೊತ್ತಿದ್ದದ್ದರಿಂದಲೋ? ಊರಿನ ಮೇಲೆಲ್ಲ ಸಂಶಯಪಟ್ಟವನು ತನ್ನ ಮೇಲೆ ಇಷ್ಟು ತಡವಾಗಿ ಸಂಶಯಪಡುತ್ತಿದ್ದೇನಲ್ಲ ಎಂದು ನಗು ಬಂತು, ಆ ನಗುವೂ ಸರಿಯಾಗಿ ಹೊರಗೆ ಬರಲಿಲ್ಲ. ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದ. ನಿರ್ಧರಿಸಿದ ಮರುಗಳಿಗೆಯೇ, ಎಲ್ಲರ ಎದುರು ತಪ್ಪೊಪ್ಪಿಕೊಂಡು ನಿಂತ ತನ್ನ ಚಿತ್ರ ಕಣ್ಣ ಮುಂದೆ ಬಂದು, ಅದು ನೋಡಲು ಚೆನ್ನಾಗಿಯೇ ಇತ್ತು. ದೊಡ್ಡ ಮನುಷ್ಯ ಎಂದುಕೊಳ್ಳುತ್ತಾರೆ. ಛೀ, ಎಂದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ. ಒಳ್ಳೆಯ ಕಾರಣಕ್ಕೋ ಕೆಟ್ಟ ಕಾರಣಕ್ಕೋ, ಹೇಳುವುದಂತೂ ಹೇಳಬೇಕು.

ಮೂರು ಗಂಟೆಗೆ ಹೋದಾಗ ಇರುವೆ ಮುಖ್ಯಸ್ಥನ ಕೋಣೆಯಲ್ಲಿ ಆಗಲೇ ಕೂತಿದ್ದಳು. ಬಹಳ ಹೊತ್ತಿನಿಂದ ಕೂತಿದ್ದಳೆಂದು ಮೇಜಿನ ಮೇಲೆ ತಣ್ಣಗಾದ ಚಹಾ ನೋಡಿದರೆ ತಿಳಿಯುತ್ತಿತ್ತು. ಮುಖ್ಯಸ್ಥ ಹಗುರಾಗಿದ್ದ. ಬಾ ಬಾ, ವಿಚಾರಣೆ ಗಿಚಾರಣೆ ಏನೂ ಬೇಡವಾಯಿತು, ಎಲ್ಲ ಸಲೀಸಾಗಿ ಬಗೆಹರಿಯಿತು ಎನ್ನುತ್ತ ಒಂದು ಹಾಳೆಯನ್ನು ಅವನತ್ತ ತಳ್ಳಿದ. ಇರುವೆಯ ಸಣ್ಣ, ಗುಂಡು ಅಕ್ಷರ. ಇಂಥ ದಿನ ಎರಡು ಕೊಳವೆಗಳೂ ಒಂದೇ ಸ್ಟ್ಯಾಂಡಿನಲ್ಲಿದ್ದವು, ಫೋನ್ ಬಂದದ್ದರಿಂದ ಎದ್ದುಹೋದೆ, ವಾಪಸು ಬಂದು ಅದಲುಬದಲಾಗಿ ಇಟ್ಟೆ, ಚೀಟಿ ಒದ್ದೆಯಾಗಿ ಅಕ್ಷರ ಕಾಣುತ್ತಿರಲಿಲ್ಲ, ಅಲ್ಲಿಂದ ಮುಂದೆ ಬೋಳನ ಗುಳಿಗಳಿಗೆ ಜುಟ್ಟನ್ನೇ ಹಾಕುತ್ತ ಬಂದೆ, ಮೋಸದ ಉದ್ದೇಶವಿರಲಿಲ್ಲ. ಎಡಗೈಯ ಗ್ಲೌಸು ಹರಿದಿತ್ತು ಎಂದೂ ಇತ್ತು. ಇಪ್ಪತ್ತೇಳು ವರ್ಷ ಇಂಥ ಬರವಣಿಗೆಯಲ್ಲಿ ಹುಳುಕು ಹುಡುಕುತ್ತ ಬಂದ ಅವನು, ಎರಡು ಕೊಳವೆಗಳನ್ನು ಈಗಷ್ಟೇ ಕಣ್ಣಾರೆ ನೋಡಿ ಬಂದವನು, ಒಂದು ಗಳಿಗೆ ಅದನ್ನು ನಂಬಿಬಿಟ್ಟ. ಅವಳೇ ಒಪ್ಪಿಕೊಂಡಿರುವುದರಿಂದ ಹೆಸರು ತೆಗೆಯುವುದಿಲ್ಲ, ಆ ಅಧ್ಯಾಯ ಬಿಟ್ಟು ಮಿಕ್ಕದ್ದನ್ನು ಸಣ್ಣದಾಗಿ ಬರೆದುಕೊಟ್ಟು ಹೋಗಲಿ ಎಂದು ಮುಖ್ಯಸ್ಥ ಹೇಳುತ್ತಿದ್ದ. ಬೋಳನ ಪ್ರಬಂಧದಲ್ಲಿ ಎರಡನೆಯ ಹೆಸರು ಮುಖ್ಯಸ್ಥನದು. ಪರದೇಶದ ಲ್ಯಾಬಿನ ಮಾತನ್ನು ಯಾರೂ ಎತ್ತಲಿಲ್ಲ, ಅದು ತಾನಾಗಿಯೇ ಮುಗಿದಿತ್ತು.

ಯಾಕೆ ಹೀಗೆ ಬರೆದೆ, ಎಂದು ಅವನು ಅವಳನ್ನು ಕೇಳಿದ. ಬೆದರಿಸಿ ಬರೆಸಿದರು ಎಂದು ಹೇಳುತ್ತಾಳೆಂದುಕೊಂಡಿದ್ದ. ಅವಳು ಮೇಜಿನ ಅಂಚನ್ನೇ ನೋಡುತ್ತಿದ್ದಳು.

“ನೀವು ಅಷ್ಟು ಖಚಿತವಾಗಿ ಹೇಳಿದ್ರಿ ಸರ್. ಹದಿನೈದು ದಿನದಿಂದ ಯೋಚನೆ ಮಾಡ್ತಾನೇ ಇದೀನಿ. ಫೋನ್ ಬಂದಿದ್ದು ನಿಜ. ಕೊಳವೆ ಹೇಗಿಟ್ಟೆ ಅಂತ ನೆನಪು ಮಾಡ್ಕೊಳಕ್ಕೆ ಹೋದ್ರೆ ಒಂದೊಂದು ಸಲ ಒಂದೊಂದು ಥರ ಕಾಣತ್ತೆ. ನಾನೇ ಬದಲಾಯಿಸಿರಬೇಕು.”

ಇಲ್ಲ, ಎಂದ ಅವನು.  ಆಮೇಲೆ ಹೇಳಿದ್ದೆಲ್ಲ ಅಂದುಕೊಂಡ ಹಾಗೆ ಬರಲಿಲ್ಲ. ಸೋಮವಾರ ಎಂದ, ಗೋಡೆ ಎಂದ, ತೇಲುವವನ್ನು ಮಾತ್ರ ಎತ್ತುತ್ತಿದ್ದೆ ಎಂದ, ಅರವತ್ತು ಸಲ ಎಂದ, ಬೇಕಿದ್ದರೆ ಗಾಜು ತೊಳೆಯುವವಳನ್ನು ಕೇಳಿ ಎಂದ, ಎರಡು ಕೊಳವೆಗಳೂ ಮೇಲೆ ನನ್ನ ಮೇಜಿನ ಮೇಲಿವೆ, ಬಂದು ನೋಡಿ ಎಂದ. ಮುಖ್ಯಸ್ಥ ಮೊದಲು ನಕ್ಕ, ಆಮೇಲೆ ಎದ್ದು ಹೋಗಿ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಬಂದು, ಯಾರ ಮಾತು ಕೇಳಿಕೊಂಡು ಹೀಗೆಲ್ಲ ಹೇಳುತ್ತಿದ್ದೀ, ಗಾಜು ತೊಳೆಯುವವಳ ಮಾತೇ, ನಿನಗೆ ರಜೆ ಬೇಕಿದ್ದರೆ ತಗೋ ಎಂದ. ನನ್ನ ಪತ್ರ ವಾಪಸು ಕೊಡು, ಪ್ರಬಂಧ ತಪ್ಪೆಂದು ನಾನೇ ಬರೆದು ಕಳಿಸುತ್ತೇನೆ, ನಿನ್ನ ಹೆಸರು ಇರಲಿ ಬಿಡಲಿ ಎಂದು ಅವನು ಹೇಳಿದ. ಹೇಳಿ ಮುಗಿಸಿದಾಗ ಎದೆಯ ಮೇಲಿನ ಭಾರ ಇಳಿದ ಹಾಗಿತ್ತು. ಅವನು ಇರುವೆಯ ಕಡೆ ತಿರುಗಿದ.

“ನೀನು ನೋಡಿದ್ದೇ ಸರಿ. ನಿನ್ನ ತಟ್ಟೇಲಿ ಏನೂ ತಪ್ಪಿರಲಿಲ್ಲ.”

ಅವಳ ಮುಖ ಅರಳುತ್ತದೆ ಎಂದು ಕಾದ. ಅಳಬಹುದು, ಬೈಯಬಹುದು, ಅದಕ್ಕೂ ಸಿದ್ಧನಾಗಿದ್ದ. ಅವಳು ಅವನ ಕೈಗಳನ್ನು ನೋಡಿದಳು, ಮುಖ್ಯಸ್ಥನ ಮುಖ ನೋಡಿದಳು, ಮತ್ತೆ ಅವನ ಕಣ್ಣುಗಳನ್ನು ನೋಡಿದಳು, ಆ ಮಾತಿನ ಹಿಂದೆ ಏನಿದೆ, ಅದನ್ನು ಯಾರು ಯಾವಾಗ ಮಾತಾಡಿಕೊಂಡಿರಬಹುದು ಎಂದು ಹುಡುಕುತ್ತ. ಹಾಗೆ ನೋಡುವುದು ಹೇಗೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಿಜವಾಗಿಯೂ, ಎಂದು ಅವನು ಹೇಳಿದ, ಹೇಳಿದ್ದರಿಂದ ಅವಳ ಕಣ್ಣು ಇನ್ನೂ ಕಿರಿದಾಯಿತು. ಅವಳು ಮೇಜಿನ ಮೇಲಿದ್ದ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಖಾಲಿಯಿದ್ದ ಬದಿಗೆ ಮಗುಚಿ, ಪೆನ್ನಿನ ಮುಚ್ಚಳ ತೆಗೆದಳು.

“ಇನ್ನೇನು ಬರ್ಕೊಡ್ಬೇಕು ಸರ್, ಹೇಳಿ,” ಎಂದಳು.